ಪರಿಮಳವೇ ಪೀಡೆಯಾದಾಗ

ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಮಧ್ಯಾಹ್ನದ ಊಟ ಬಡಿಸುವವರು ಮಕ್ಕಳೇ. ಬಿಳಿಯ ನಿಲುವಂಗಿ, ತಲೆಗೆ ಟೋಪಿ, ಬಾಯಿಗೆ ಮುಖಗವಸು ತೊಟ್ಟ ಒಂದು ತಂಡ ಊಟದ ಪಾತ್ರೆಗಳನ್ನು ತರಗತಿಗೆ ತಂದು ಸಹಪಾಠಿಗಳಿಗೆಲ್ಲ ಬಡಿಸುತ್ತದೆ. ಈ ಕೆಲಸ ತಂಡದಿಂದ ತಂಡಕ್ಕೆ ಸರದಿಯಂತೆ ಬರುತ್ತದೆ. ವಾರದ ಕೊನೆಗೆ ನಿಲುವಂಗಿಯನ್ನು ಮನೆಗೆ ಒಯ್ದು, ಒಗೆದು, ಮಡಿಸಿ ತಂದು ಮುಂದಿನ ತಂಡಕ್ಕೆ ಒಪ್ಪಿಸಬೇಕು. ಸ್ವಚ್ಛತೆ ಮತ್ತು ಸಹಬಾಳ್ವೆಯನ್ನು ಒಟ್ಟಿಗೆ ಕಲಿಸುವ ಈ ಪದ್ಧತಿಯನ್ನು ಮೆಚ್ಚದವರಿಲ್ಲ.

ಆದರೆ ಈ ಬಿಳಿ ನಿಲುವಂಗಿ ಕೆಲವು ಮಕ್ಕಳ ಪಾಲಿಗೆ ದೊಡ್ಡ ಸಂಕಟವಾಗಿದೆ. ಹಿಂದಿನ ವಾರ ಅದನ್ನು ಒಗೆದವರ ಮನೆಯಲ್ಲಿ ಬಟ್ಟೆಗೆ ಮೃದುತನ ಮತ್ತು ಪರಿಮಳ ಕೊಡುವ ದ್ರವವನ್ನು ಬಳಸಿರುತ್ತಾರೆ. ನಮ್ಮ ಅಂಗಡಿಗಳಲ್ಲಿ ಫ್ಯಾಬ್ರಿಕ್ ಕಂಡಿಷನರ್ ಎಂದು ಕೇಳಿದರೆ ಸಿಗುವಂಥದೇ ಅದು. ಉಳಿದ ಮಕ್ಕಳು 'ಒಳ್ಳೆಯ ವಾಸನೆ' ಎನ್ನುವಾಗ, ಈ ಮಗುವಿಗೆ ತಲೆ ಸಿಡಿಯುತ್ತದೆ, ಗಂಟಲು ಕಟ್ಟುತ್ತದೆ, ವಾಕರಿಕೆ ಬರುತ್ತದೆ. ನಿಲುವಂಗಿಯನ್ನು ಎಷ್ಟು ಸಲ ಒಗೆದರೂ ಆ ವಾಸನೆ ಪೂರ್ತಿ ಹೋಗುವುದಿಲ್ಲ. ಮಗು ಊಟದ ಸರದಿಯಿಂದ ದೂರ ಉಳಿಯುತ್ತದೆ. ಕ್ರಮೇಣ ತರಗತಿಯಿಂದ, ಕೊನೆಗೆ ಶಾಲೆಯಿಂದಲೇ ದೂರ ಉಳಿಯುವುದೂ ಉಂಟು.

ಹೀಗೆ ಹಲವು ಬಗೆಯ ರಾಸಾಯನಿಕಗಳನ್ನು ಅತ್ಯಲ್ಪ ಪ್ರಮಾಣದಲ್ಲೂ ದೇಹ ತಾಳಿಕೊಳ್ಳಲಾಗದ ಸ್ಥಿತಿಗೆ 'ಮಲ್ಟಿಪಲ್ ಕೆಮಿಕಲ್ ಸೆನ್ಸಿಟಿವಿಟಿ' ಎಂದು ಹೆಸರು. ಕನ್ನಡದಲ್ಲಿ ಇದನ್ನು 'ಬಹುರಾಸಾಯನಿಕ ಅತಿಸಂವೇದನೆ' ಎನ್ನಬಹುದು. ಇದರ ವಿಚಿತ್ರವೆಂದರೆ, ಯಾವ ರಕ್ತಪರೀಕ್ಷೆಯೂ ಯಾವ ಎಕ್ಸ್-ರೇ ಚಿತ್ರವೂ ಇದನ್ನು ತೋರಿಸಲಾರದು. ನರಳುವವರಿದ್ದಾರೆ, ನರಳಾಟಕ್ಕೆ ಪುರಾವೆ ಮಾತ್ರ ಪ್ರಯೋಗಾಲಯದಲ್ಲಿ ಸಿಗುತ್ತಿಲ್ಲ. ಹಾಗಿರುವಾಗ ಅಕ್ಕಪಕ್ಕದವರು ಏನು ಮಾಡಬೇಕು?

ಅಲರ್ಜಿಯಲ್ಲ, ಆದರೂ...

ಮೊದಲು ವಾಸನೆ ಎಂದರೇನು ಎಂಬುದನ್ನು ನೆನಪಿಸಿಕೊಳ್ಳೋಣ. ಕರ್ಪೂರವನ್ನು ಬಿಚ್ಚಿಟ್ಟರೆ ಕರಗಿ ನೀರಾಗದೆ ನೇರವಾಗಿ ಅನಿಲವಾಗುತ್ತದೆ. ಬಟ್ಟೆಯ ಪೆಟ್ಟಿಗೆಯಲ್ಲಿಟ್ಟ ನುಸಿಗುಳಿಗೆ ತಿಂಗಳುಗಳಲ್ಲಿ ಸವೆದು ಇಲ್ಲವಾಗುತ್ತದೆ. ಇದಕ್ಕೆ ಉತ್ಪತನ ಎಂಬ ಹೆಸರಿರುವುದನ್ನು ವಿದ್ಯಾರ್ಥಿಗಳು ಬಲ್ಲರು. ಬಣ್ಣ, ವಾರ್ನಿಷ್, ಅಂಟು, ಸುಗಂಧದ್ರವ್ಯಗಳಲ್ಲಿರುವ ಅನೇಕ ದ್ರವಗಳೂ ಸಾಮಾನ್ಯ ಉಷ್ಣತೆಯಲ್ಲೇ ಆವಿಯಾಗಿ ಗಾಳಿಯಲ್ಲಿ ಹರಡುತ್ತವೆ. ಇವುಗಳನ್ನು ಆವಿಶೀಲ ಸಾವಯವ ಸಂಯುಕ್ತಗಳು ಎನ್ನುತ್ತಾರೆ. ವಾಸನೆ ಬಂತೆಂದರೆ ಆ ವಸ್ತುವಿನ ಅಣುಗಳು ಮೂಗಿನೊಳಗೆ ಬಂದಿವೆ ಎಂದೇ ಅರ್ಥ.

ಸಾಮಾನ್ಯರ ದೇಹ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕೆಲವರಿಗೆ ಅಲರ್ಜಿಯಾಗುತ್ತದೆ. ಹೂವಿನ ಪರಾಗ ಅಥವಾ ಧೂಳಿನ ನುಸಿಗೆ ಅಲರ್ಜಿ ಇರುವವರ ರಕ್ತದಲ್ಲಿ ಒಂದು ವಿಶೇಷ ಬಗೆಯ ಪ್ರತಿಕಾಯ ಕಾಣಸಿಗುತ್ತದೆ. ಚರ್ಮದ ಮೇಲೆ ಚುಚ್ಚಿ ನೋಡಿದರೆ ದದ್ದು ಏಳುತ್ತದೆ. ಬಹುರಾಸಾಯನಿಕ ಅತಿಸಂವೇದನೆಯಲ್ಲಿ ಇಂಥ ಗುರುತು ಯಾವುದೂ ಇಲ್ಲ. ಹೀಗಾಗಿ ರೋಗಿ ಹೇಳುವ ಕಥೆಯನ್ನೇ ವೈದ್ಯರು ಆಧರಿಸಬೇಕಾಗುತ್ತದೆ.

ಈ ವಿಚಾರವನ್ನು ಮೊದಲು ಮುಂದಿಟ್ಟವರು ಶಿಕಾಗೋದ ಅಲರ್ಜಿ ತಜ್ಞ ಥೆರಾನ್ ರ‍್ಯಾಂಡಾಲ್ಫ್. 1950ರ ದಶಕದಲ್ಲಿ ಅವರು ಆಧುನಿಕ ಜೀವನದ ರಾಸಾಯನಿಕಗಳಿಂದ ಕಾಯಿಲೆ ಬೀಳುವವರ ಬಗ್ಗೆ ಬರೆದಾಗ ಸಹೋದ್ಯೋಗಿಗಳು ಹುಬ್ಬೇರಿಸಿದರು. ಈಗಿನ ಹೆಸರನ್ನು 1987ರಲ್ಲಿ ಬಳಕೆಗೆ ತಂದವರು ಯೇಲ್ ವಿಶ್ವವಿದ್ಯಾಲಯದ ವೈದ್ಯ ಮಾರ್ಕ್ ಕಲ್ಲೆನ್. 1992ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ತಜ್ಞರು ಇದನ್ನು ಪ್ರತ್ಯೇಕ ಕಾಯಿಲೆಯೆಂದು ಒಪ್ಪಲು ಸಾಕಷ್ಟು ಆಧಾರವಿಲ್ಲ ಎಂದರು.

1999ರಲ್ಲಿ ವೈದ್ಯರು ಮತ್ತು ಸಂಶೋಧಕರ ಒಂದು ಗುಂಪು ಆರು ಲಕ್ಷಣಗಳನ್ನು ಪಟ್ಟಿ ಮಾಡಿತು. ತೊಂದರೆ ದೀರ್ಘಕಾಲದ್ದಾಗಿರಬೇಕು. ಅದೇ ವಸ್ತು ಎದುರಾದಾಗಲೆಲ್ಲ ಮರುಕಳಿಸಬೇಕು. ಇತರರಿಗೆ ಏನೂ ಆಗದಷ್ಟು ಕಡಿಮೆ ಪ್ರಮಾಣಕ್ಕೇ ಕಾಣಿಸಿಕೊಳ್ಳಬೇಕು. ವಸ್ತುವನ್ನು ದೂರ ಮಾಡಿದರೆ ತಗ್ಗಬೇಕು ಅಥವಾ ವಾಸಿಯಾಗಬೇಕು. ಒಂದಕ್ಕೊಂದು ಸಂಬಂಧವಿಲ್ಲದ ಹಲವು ರಾಸಾಯನಿಕಗಳಿಂದ ಬರಬೇಕು. ದೇಹದ ಒಂದಕ್ಕಿಂತ ಹೆಚ್ಚು ಅಂಗವ್ಯೂಹಗಳನ್ನು ಬಾಧಿಸಬೇಕು. ತಲೆನೋವು, ತಲೆಸುತ್ತು, ಉಸಿರು ಕಟ್ಟುವಿಕೆ, ವಿಪರೀತ ಆಯಾಸ, ಓದಿದ್ದು ತಲೆಗೆ ಹತ್ತದ ಮಂಕು, ಹೊಟ್ಟೆ ತೊಳಸುವಿಕೆ ಇವು ರೋಗಿಗಳು ಸಾಮಾನ್ಯವಾಗಿ ಹೇಳಿಕೊಳ್ಳುವ ತೊಂದರೆಗಳು.

ಹೊಸ ಮನೆಯ ಕಾಯಿಲೆ

ಜಪಾನಿನಲ್ಲಿ ಈ ವಿಷಯ ಮನೆಮಾತಾದದ್ದು 1990ರ ದಶಕದಲ್ಲಿ. ಚಳಿಗಾಲದ ಬೆಚ್ಚಗಿನ ಗಾಳಿ ಹೊರಹೋಗದಂತೆ, ಇಂಧನ ಉಳಿಯುವಂತೆ, ಸಂದು ಸೀಳಿಲ್ಲದ ಮನೆಗಳನ್ನು ಆಗ ಕಟ್ಟಲಾಗುತ್ತಿತ್ತು. ಹಿಂದಿನ ಮರ, ಮಣ್ಣು, ಕಾಗದದ ಬಾಗಿಲುಗಳ ಬದಲು ಪ್ಲೈವುಡ್ ಬಂತು. ಗೋಡೆಗೆ ವಿನೈಲ್ ಹೊದಿಕೆ ಬಂತು. ಪ್ಲೈವುಡ್ಡಿನ ಪದರಗಳನ್ನು ಹಿಡಿದಿಡುವ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ನಿಧಾನವಾಗಿ ಹೊರಸೂಸುತ್ತಿರುತ್ತದೆ. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕಪ್ಪೆಯನ್ನು ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದಲ್ಲಿರುವುದು ಇದೇ ವಸ್ತು. ಗಾಳಿಯಾಡದ ಹೊಸ ಮನೆಗೆ ಸಂಭ್ರಮದಿಂದ ಬಂದವರು ಕಣ್ಣುರಿ, ತಲೆನೋವು, ಕೆಮ್ಮು ಎಂದು ಹಾಸಿಗೆ ಹಿಡಿಯತೊಡಗಿದರು. ಇದಕ್ಕೆ 'ಸಿಕ್ ಹೌಸ್' ಕಾಯಿಲೆ ಎಂಬ ಹೆಸರೇ ಬಿತ್ತು. ಇವರಲ್ಲಿ ಹೆಚ್ಚಿನವರು ಮನೆಯಿಂದ ಹೊರಬಂದರೆ ಚೇತರಿಸಿಕೊಂಡರು. ಆದರೆ ಕೆಲವರಿಗೆ ಬಳಿಕ ಪತ್ರಿಕೆಯ ಮಸಿ, ಸಾಬೂನು, ಸಿಗರೇಟಿನ ಹೊಗೆ ಯಾವುದನ್ನೂ ತಾಳಿಕೊಳ್ಳಲು ಆಗದಾಯಿತು.

ಅಮೆರಿಕದಲ್ಲಿ ಇದಕ್ಕೂ ಮೊದಲೇ ಇಂಥದೊಂದು ಘಟನೆ ನಡೆದಿತ್ತು, ಅದೂ ಪರಿಸರ ಕಾಯುವ ಕಚೇರಿಯಲ್ಲೇ. 1987-88ರಲ್ಲಿ ವಾಷಿಂಗ್ಟನ್ನಿನಲ್ಲಿದ್ದ ಪರಿಸರ ಸಂರಕ್ಷಣಾ ಸಂಸ್ಥೆಯ ಮುಖ್ಯ ಕಚೇರಿಗೆ ಹೊಸ ನೆಲಹಾಸು ಹಾಕಿಸಲಾಯಿತು. ಆ ಬಳಿಕ ಅನೇಕ ನೌಕರರು ಕಾಯಿಲೆ ಬಿದ್ದರು. ಕೆಲವರು ಮತ್ತೆ ಆ ಕಟ್ಟಡದೊಳಗೆ ಕೂತು ಕೆಲಸ ಮಾಡಲು ಆಗಲೇ ಇಲ್ಲ. ದೇಶದ ಗಾಳಿ ನೀರಿನ ಶುದ್ಧಿಯನ್ನು ಅಳೆಯುವವರಿಗೇ ತಮ್ಮ ಕೋಣೆಯ ಗಾಳಿ ಮುಳುವಾಗಿತ್ತು.

ಜಪಾನ್ ಸರ್ಕಾರ ಎಚ್ಚೆತ್ತು 1997ರಲ್ಲಿ ಮನೆಯೊಳಗಿನ ಫಾರ್ಮಾಲ್ಡಿಹೈಡಿಗೆ ಮಿತಿ ಸೂಚಿಸಿತು. ಅದು ಹತ್ತು ಲಕ್ಷಕ್ಕೆ 0.08 ಪಾಲು, ಎಂದರೆ ಹತ್ತು ಕೋಟಿ ಪಾಲು ಗಾಳಿಯಲ್ಲಿ ಎಂಟು ಪಾಲು ಮಾತ್ರ. 2003ರಲ್ಲಿ ಕಟ್ಟಡ ಕಾನೂನನ್ನೇ ತಿದ್ದಲಾಯಿತು. ಗೆದ್ದಲು ಕೊಲ್ಲಲು ಬಳಸುತ್ತಿದ್ದ ಕ್ಲೋರ್‌ಪೈರಿಫಾಸ್ ಕೀಟನಾಶಕವನ್ನು ಮನೆ ಕಟ್ಟುವಲ್ಲಿ ನಿಷೇಧಿಸಲಾಯಿತು. ಹೊಸ ಮನೆಗಳಲ್ಲಿ ಗಂಟೆಗೆ ಕನಿಷ್ಠ ಅರ್ಧದಷ್ಟು ಗಾಳಿ ಬದಲಾಗುವಂತೆ ಯಂತ್ರದ ವ್ಯವಸ್ಥೆ ಕಡ್ಡಾಯವಾಯಿತು. 2009ರಲ್ಲಿ ಈ ಅತಿಸಂವೇದನೆಯನ್ನು ಆರೋಗ್ಯ ವಿಮೆಯ ಕಾಗದಪತ್ರಗಳಲ್ಲಿ ಬರೆಯಬಹುದಾದ ಕಾಯಿಲೆಯ ಹೆಸರುಗಳ ಪಟ್ಟಿಗೆ ಸೇರಿಸಲಾಯಿತು. ಕಾರಣ ಇತ್ಯರ್ಥವಾಗದಿದ್ದರೂ ಕಾಯಿಲೆಗೆ ಸರ್ಕಾರದ ಪುಸ್ತಕದಲ್ಲಿ ಒಂದು ಹೆಸರು ದೊರೆಯಿತು.

ಪರಿಮಳದ ಪುಟ್ಟ ಗುಳ್ಳೆಗಳು

ಗೋಡೆ, ನೆಲಗಳ ಅಂಟು ಹತೋಟಿಗೆ ಬಂತು ಎನ್ನುವಷ್ಟರಲ್ಲಿ ಇನ್ನೊಂದು ತೊಂದರೆ ತಲೆಯೆತ್ತಿತು. 2000ದ ದಶಕದಲ್ಲಿ ಅಮೆರಿಕದಿಂದ ಬಂದ ಗಾಢ ಪರಿಮಳದ ಬಟ್ಟೆ ದ್ರವ ಜಪಾನಿನಲ್ಲಿ ಜನಪ್ರಿಯವಾಯಿತು. ಅಲ್ಲಿನ ಕಂಪನಿಗಳೂ ಪೈಪೋಟಿಗೆ ಬಿದ್ದು 'ದಿನಗಟ್ಟಲೆ ಉಳಿಯುವ ಸುವಾಸನೆ' ಎಂದು ಮಾರತೊಡಗಿದವು.

ಇದರ ಹಿಂದಿರುವ ತಂತ್ರ ಕುತೂಹಲಕಾರಿಯಾಗಿದೆ. ಸುಗಂಧತೈಲವನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆಗಳಲ್ಲಿ ತುಂಬುತ್ತಾರೆ. ಗುಳ್ಳೆಯ ಹೊರಪದರ ಪ್ಲಾಸ್ಟಿಕ್ ಬಗೆಯದು. ಗುಳ್ಳೆಗಳು ನೂಲಿಗೆ ಅಂಟಿಕೊಂಡಿದ್ದು, ಬಟ್ಟೆ ಉಜ್ಜಿದಾಗಲೆಲ್ಲ ಒಂದಿಷ್ಟು ಒಡೆದು ಪರಿಮಳ ಚೆಲ್ಲುತ್ತವೆ. ಕಾರ್ಬನ್ ಹಾಳೆ ಇಲ್ಲದೆಯೇ ಕೆಳಗಿನ ಪ್ರತಿಗೆ ಅಕ್ಷರ ಮೂಡಿಸುವ ರಸೀದಿ ಪುಸ್ತಕಗಳನ್ನು ಓದುಗರು ಕಂಡಿರಬಹುದು. ಅಲ್ಲೂ ಇದೇ ತಂತ್ರ, ಪೆನ್ನಿನ ಒತ್ತಡಕ್ಕೆ ಬಣ್ಣದ ಗುಳ್ಳೆ ಒಡೆಯುತ್ತದೆ. ಒಬ್ಬರ ಅಂಗಿಯಿಂದ ಬಸ್ಸಿನ ಸೀಟಿಗೆ, ಸೀಟಿನಿಂದ ಇನ್ನೊಬ್ಬರ ಬಟ್ಟೆಗೆ ಈ ವಾಸನೆ ದಾಟುತ್ತದೆ.

ಜಪಾನೀಯರು ಇದಕ್ಕೊಂದು ಹೊಸ ಪದವನ್ನೇ ಟಂಕಿಸಿದರು, 'ಕೋಗೈ'. ಆ ಭಾಷೆಯಲ್ಲಿ ಕಾರ್ಖಾನೆಗಳ ಮಾಲಿನ್ಯಕ್ಕೆ ಮೊದಲಿನಿಂದಲೂ 'ಕೋಗೈ' ಎನ್ನುತ್ತಾರೆ. ಉಚ್ಚಾರ ಒಂದೇ ಆದರೂ ಮೊದಲ ಅಕ್ಷರದಲ್ಲಿ 'ಸಾರ್ವಜನಿಕ' ಎಂಬುದರ ಬದಲು 'ಪರಿಮಳ' ಎಂಬ ಚಿತ್ರಲಿಪಿಯನ್ನು ಬರೆದರೆ 'ಪರಿಮಳದಿಂದಾದ ಹಾನಿ' ಎಂಬ ಅರ್ಥ ಬರುತ್ತದೆ.

ಹಳೆಯ ಕೋಗೈಗೂ ಹೊಸದಕ್ಕೂ ವ್ಯತ್ಯಾಸವಿದೆ. ಮಿನಮಾಟ ಕೊಲ್ಲಿಯ ಮೀನು ತಿಂದು ಜನ ಕೈಕಾಲು ಸ್ವಾಧೀನ ತಪ್ಪಿದ್ದು 1956ರಲ್ಲಿ ಅಧಿಕೃತವಾಗಿ ಬೆಳಕಿಗೆ ಬಂತು. ಕಾರ್ಖಾನೆಯ ಪಾದರಸವೇ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ. ತಡವಾದರೂ ಅಲ್ಲಿ ಅಳೆಯಲು ಪಾದರಸವಿತ್ತು, ಬೊಟ್ಟು ಮಾಡಲು ಒಂದು ಕೊಳವೆಯಿತ್ತು. ಇಲ್ಲಿ ಕೊಳವೆಯಿಲ್ಲ. ಪ್ರತಿ ಮನೆಯ ಬಟ್ಟೆ ಒಣಗಿಸುವ ಹಗ್ಗವೇ ಮೂಲ. ಹಾನಿ ಮಾಡುವವರು ಕೆಟ್ಟವರಲ್ಲ, ಮಕ್ಕಳನ್ನು ಮಡಿಯಾಗಿ ಶಾಲೆಗೆ ಕಳಿಸಬೇಕೆನ್ನುವ ತಾಯಂದಿರು.

ದಿನದ ಬದುಕು

ತೀವ್ರ ಅತಿಸಂವೇದನೆ ಇರುವವರ ದಿನಚರಿ ನಮಗೆ ಊಹಿಸಲೂ ಕಷ್ಟ. ಪಕ್ಕದ ಮನೆಯ ಮಹಡಿಯಲ್ಲಿ ಬಟ್ಟೆ ಹರವಿದರೆ ಕಿಟಕಿ ಮುಚ್ಚಬೇಕು. ಮುಚ್ಚಿದರೆ ಒಳಗಿನ ಗಾಳಿ ಕೆಡುತ್ತದೆ. ರೈಲಿನಲ್ಲಿ ಪಕ್ಕಕ್ಕೆ ಸೆಂಟು ಹಾಕಿಕೊಂಡವರು ಬಂದು ಕೂತರೆ ಎದ್ದು ಬೇರೆ ಡಬ್ಬಿಗೆ ಹೋಗಬೇಕು. ಕ್ಷೌರದಂಗಡಿ, ಬಟ್ಟೆಯಂಗಡಿ, ಮದುವೆ ಮನೆ ಎಲ್ಲವೂ ದೂರ. ಕಾಯಿಲೆ ಎಂದು ಆಸ್ಪತ್ರೆಗೆ ಹೋದರೆ ಅಲ್ಲಿ ನೆಲ ಒರೆಸಿದ ದ್ರವದ ಘಾಟು. ಕೊಂಡ ಹೊಸ ಬಟ್ಟೆಯನ್ನು ಹತ್ತಾರು ಸಲ ಒಗೆದು ಬಿಸಿಲಿಗೆ ಹಾಕಿದ ಮೇಲೆಯೇ ತೊಡಬೇಕು. ಅನೇಕರು ಇದ್ದಿಲಿನ ಪದರವಿರುವ ಮುಖಗವಸು ಧರಿಸುತ್ತಾರೆ. ಇದ್ದಿಲಿನ ಕೋಟ್ಯಂತರ ಸೂಕ್ಷ್ಮ ರಂಧ್ರಗಳ ಮೇಲ್ಮೈಗೆ ಅನಿಲದ ಅಣುಗಳು ಅಂಟಿಕೊಳ್ಳುವುದರಿಂದ ಸ್ವಲ್ಪ ನೆಮ್ಮದಿ.

ಶಾಲೆಗೆ ಹೋಗುವ ಮಕ್ಕಳಿಗೆ ಅಡೆತಡೆಗಳು ಇನ್ನೂ ಹೆಚ್ಚು. ನೆಲಕ್ಕೆ ಬಳಿದ ಮೇಣ, ಎಣ್ಣೆ ಮಸಿಯ ಮಾರ್ಕರ್, ಹೊಸ ಬಣ್ಣ, ಅಂಗಳದ ಮರಗಳಿಗೆ ಸಿಂಪಡಿಸಿದ ಔಷಧ ಒಂದೊಂದೂ ಅವರ ದಾರಿಗೆ ಅಡ್ಡ. ಹೊಸ ಪುಸ್ತಕದ ವಾಸನೆಯನ್ನು ಮೂಗಿಗೆ ಹಿಡಿದು ಆನಂದಿಸದ ವಿದ್ಯಾರ್ಥಿ ಯಾರಿದ್ದಾರೆ? ಆ ವಾಸನೆಯೇ ಇವರಿಗೆ ಪುಸ್ತಕ ತೆರೆಯಲು ಬಿಡುವುದಿಲ್ಲ. ಜಪಾನಿನಲ್ಲಿ ಇಂಥ ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಬಿಸಿಲಿಗೆ ಹಾಕಿ ಮಸಿಯ ವಾಸನೆ ಕಳೆದು ಕೊಡುವ ಅಥವಾ ಬೇರೆ ಪ್ರತಿ ತೆಗೆದು ಕೊಡುವ ವ್ಯವಸ್ಥೆ ಇದೆ. ಕಿಟಕಿಯ ಪಕ್ಕದ ಜಾಗ, ಪ್ರತ್ಯೇಕ ಕೋಣೆಯಲ್ಲಿ ಪಾಠ, ಊಟ ಬಡಿಸಲು ತನ್ನದೇ ಮನೆಯಿಂದ ತಂದ ನಿಲುವಂಗಿ ಇವು ಕೆಲವು ಶಾಲೆಗಳು ಮಾಡಿಕೊಟ್ಟಿರುವ ಅನುಕೂಲಗಳು. ಇವು ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಬೇಕಾದದ್ದು ಮಗುವಿನ ಮಾತನ್ನು ನಂಬುವ ಮನಸ್ಸು.

ನಂಬುವವರು ಸಿಗುವುದೇ ಕಷ್ಟ. ಕಾಲು ಮುರಿದವನಿಗೆ ಎಲ್ಲರೂ ದಾರಿ ಬಿಡುತ್ತಾರೆ. ನೋಡಲು ಚೆನ್ನಾಗಿಯೇ ಇರುವ ಹುಡುಗಿ 'ನಿಮ್ಮ ಅಂಗಿಯ ವಾಸನೆಯಿಂದ ನನಗೆ ತಲೆನೋವು' ಎಂದರೆ 'ಎಷ್ಟು ಸೊಕ್ಕು' ಎನ್ನುತ್ತಾರೆ, ಇಲ್ಲವೆ 'ಶಾಲೆ ತಪ್ಪಿಸುವ ನಾಟಕ' ಎನ್ನುತ್ತಾರೆ.

ವಿಜ್ಞಾನ ಏನು ಹೇಳುತ್ತದೆ?

ಕಾರಣದ ಬಗ್ಗೆ ವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ವೈದ್ಯೆ ಕ್ಲಾಡಿಯಾ ಮಿಲ್ಲರ್ ಅವರ ಪ್ರಕಾರ ಇದು ಎರಡು ಹಂತಗಳಲ್ಲಿ ಬರುತ್ತದೆ. ಮೊದಲು ಕೀಟನಾಶಕ, ಹೊಸ ಕಟ್ಟಡದ ಗಾಳಿ ಮುಂತಾದುವುಗಳಿಗೆ ದೇಹ ಒಡ್ಡಿಕೊಂಡು ತನ್ನ ತಾಳಿಕೆಯನ್ನು ಕಳೆದುಕೊಳ್ಳುತ್ತದೆ. ಬಳಿಕ ಅತ್ಯಲ್ಪ ಪ್ರಮಾಣದ ಬೇರೆ ಬೇರೆ ವಸ್ತುಗಳೂ ಕಾಯಿಲೆಯನ್ನು ಕೆರಳಿಸುತ್ತವೆ.

ಇನ್ನೊಂದು ಪಕ್ಷದವರು ಪ್ರಯೋಗಗಳತ್ತ ಬೆರಳು ತೋರುತ್ತಾರೆ. ರೋಗಿಯನ್ನು ಒಂದು ಕೋಣೆಯಲ್ಲಿ ಕೂರಿಸಿ, ಒಮ್ಮೆ ರಾಸಾಯನಿಕ ಬೆರೆತ ಗಾಳಿ, ಇನ್ನೊಮ್ಮೆ ಬರಿಯ ಗಾಳಿ ಕೊಟ್ಟು, ಯಾವುದು ಯಾವಾಗ ಎಂದು ತಿಳಿಸದೆ ನಡೆಸುವ ಪರೀಕ್ಷೆಗಳಿವು. ಇಂಥ 37 ಅಧ್ಯಯನಗಳನ್ನು ಒಟ್ಟುಗೂಡಿಸಿ ಲಂಡನ್ನಿನ ಸಂಶೋಧಕರು 2006ರಲ್ಲಿ ಪರಿಶೀಲಿಸಿದರು. ರೋಗಿಗಳಿಗೆ ತೊಂದರೆ ಆಗುವುದು ನಿಜ. ಆದರೆ ವಾಸನೆ ಗೊತ್ತಾಗದಂತೆ ಮಾಡಿದಾಗ ಎರಡು ಗಾಳಿಗಳ ನಡುವೆ ವ್ಯತ್ಯಾಸ ಕಾಣಿಸಲಿಲ್ಲ. ಆದ್ದರಿಂದ ರಾಸಾಯನಿಕಕ್ಕಿಂತ ಹೆಚ್ಚಾಗಿ ಮಿದುಳಿನ ನಿರೀಕ್ಷೆ ಕೆಲಸ ಮಾಡುತ್ತಿರಬಹುದು ಎಂಬುದು ಅವರ ಅಭಿಪ್ರಾಯ. ಪ್ರಯೋಗಾಲಯದ ಸ್ವಲ್ಪ ಹೊತ್ತಿನ ಪರೀಕ್ಷೆ ವರ್ಷಗಟ್ಟಲೆಯ ಬದುಕನ್ನು ಅಳೆಯಲಾರದು ಎಂಬುದು ಮೊದಲ ಪಕ್ಷದವರ ಆಕ್ಷೇಪ.

ಇಲ್ಲೊಂದು ಮಾತನ್ನು ವಿದ್ಯಾರ್ಥಿಗಳು ಗಮನಿಸಬೇಕು. ಎರಡನೆಯ ಪಕ್ಷವೇ ಸರಿ ಎಂದಾದರೂ ರೋಗಿ ಸುಳ್ಳು ಹೇಳುತ್ತಿದ್ದಾನೆ ಎಂದಾಗುವುದಿಲ್ಲ. ಆಗುಂಬೆ ಘಾಟಿಯ ತಿರುವುಗಳಲ್ಲಿ ಬಸ್ಸಿನಲ್ಲಿ ವಾಂತಿ ಮಾಡಿಕೊಂಡ ಮಗುವಿಗೆ ಮುಂದೆ ನಿಂತ ಬಸ್ಸಿನ ಡೀಸೆಲ್ ವಾಸನೆ ಬಂದರೂ ಹೊಟ್ಟೆ ತೊಳಸುತ್ತದೆ. ಡೀಸೆಲ್ ಆ ಕ್ಷಣದಲ್ಲಿ ವಿಷವಾಗಿಲ್ಲ, ಆದರೆ ತೊಳಸುವ ಹೊಟ್ಟೆ ನಾಟಕವಾಡುತ್ತಿಲ್ಲ. ಘ್ರಾಣದ ನರಗಳಿಗೂ ಮಿದುಳಿನಲ್ಲಿ ನೆನಪು, ಭಾವನೆಗಳನ್ನು ನೋಡಿಕೊಳ್ಳುವ ಭಾಗಕ್ಕೂ ಬಹಳ ಹತ್ತಿರದ ಸಂಪರ್ಕವಿದೆ. ಮಿದುಳೂ ದೇಹದ ಒಂದು ಅಂಗವೇ. ಅಲ್ಲಿ ಹುಟ್ಟಿದ ನೋವು ಕಾಲಿನಲ್ಲಿ ಹುಟ್ಟಿದ ನೋವಿಗಿಂತ ಕಡಿಮೆ ನೋವಲ್ಲ.

ನರಳಾಟ ಇದೆಯೇ ಎಂಬುದು ಒಂದು ಪ್ರಶ್ನೆ. ಅದಕ್ಕೆ ಕಾರಣವೇನು ಎಂಬುದು ಬೇರೆ ಪ್ರಶ್ನೆ. ಎರಡನೆಯದಕ್ಕೆ ಉತ್ತರ ಸಿಕ್ಕಿಲ್ಲ ಎಂದು ಮೊದಲನೆಯದಕ್ಕೆ 'ಇಲ್ಲ' ಎಂದು ಬರೆಯುವುದು ವಿಜ್ಞಾನವಲ್ಲ. ಹಾಗೆಯೇ ನರಳಾಟ ನಿಜ ಎಂಬ ಒಂದೇ ಕಾರಣಕ್ಕೆ, ಅನುಮಾನ ಬಂದ ರಾಸಾಯನಿಕವನ್ನೆಲ್ಲ ವಿಷವೆಂದು ಸಾರುವುದೂ ವಿಜ್ಞಾನವಲ್ಲ.

ತೊಂದರೆ ಹೇಳಿಕೊಳ್ಳುವವರ ಸಂಖ್ಯೆಯೂ ಕಡಿಮೆಯಿಲ್ಲ. ಸಂಶೋಧಕಿ ಆನ್ ಸ್ಟೈನ್‌ಮನ್ 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಅಮೆರಿಕದ ವಯಸ್ಕರ ಪೈಕಿ ಶೇ. 12.8ರಷ್ಟು ಮಂದಿ ತಮಗೆ ವೈದ್ಯರು ಈ ಅತಿಸಂವೇದನೆಯನ್ನು ಗುರುತಿಸಿದ್ದಾರೆ ಎಂದಿದ್ದರು. ಇದು ಜನರೇ ಹೇಳಿಕೊಂಡ ಲೆಕ್ಕವೆಂಬುದು ನೆನಪಿರಲಿ. ತೀವ್ರವಾಗಿ ಬಾಧೆಪಡುವವರು ಇವರಲ್ಲಿ ಒಂದು ಭಾಗ ಮಾತ್ರ. 2009ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ ತನ್ನ ಕಚೇರಿಗಳೊಳಗೆ ಸುಗಂಧ ಬೀರುವ ವಸ್ತುಗಳನ್ನು ಬಳಸಬಾರದೆಂಬ ನಿಯಮ ಮಾಡಿತು. ಕಾರಣ ಪೂರ್ತಿ ತಿಳಿಯುವವರೆಗೆ ಕಾಯದೆ ಸುಮ್ಮನೆ ಕಿಟಕಿ ತೆರೆದ ಹಾಗೆ ಇದು.

ನಮ್ಮ ಮನೆಗಳಲ್ಲಿ

ಊದಿನಕಡ್ಡಿ, ಸೊಳ್ಳೆಬತ್ತಿ, ಫಿನೈಲು, ನುಸಿಗುಳಿಗೆ, ಶೌಚಾಲಯದ ಸುಗಂಧ ಬಿಲ್ಲೆ, ಈಚೆಗೆ ಹುಡುಗರ ಬ್ಯಾಗಿನಲ್ಲೂ ಇರುವ ಡಿಯೋಡರೆಂಟ್ ಡಬ್ಬಿ ಹೀಗೆ ನಮ್ಮ ಮನೆ, ಶಾಲೆಗಳಲ್ಲೂ ಗಾಳಿಗೆ ಸೇರುವ ವಸ್ತುಗಳು ಕಡಿಮೆಯೇನಲ್ಲ. ಯಾವುದೋ ವಾಸನೆಗೆ ಮಗು ಪದೇಪದೇ ತಲೆನೋವು, ಕೆಮ್ಮು ಎಂದರೆ ಗದರುವ ಮೊದಲು ಯಾವಾಗ, ಎಲ್ಲಿ, ಏನು ಬಳಸಿದಾಗ ಎಂದು ತಂದೆತಾಯಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಒಳ್ಳೆಯದು. ಅದನ್ನು ವೈದ್ಯರಿಗೆ ತೋರಿಸಬೇಕು. ಅದು ಆಸ್ತಮಾ ಆಗಿರಬಹುದು, ಅರೆತಲೆನೋವು ಆಗಿರಬಹುದು, ಎರಡಕ್ಕೂ ಚಿಕಿತ್ಸೆ ಇದೆ. ಮನೆಯಲ್ಲೇ ಕಾಯಿಲೆಗೆ ಹೆಸರಿಟ್ಟು ಮಗುವನ್ನು ಕೋಣೆಯೊಳಗೆ ಕೂಡಿಹಾಕುವುದು ತರವಲ್ಲ. ಹೊಸದಾಗಿ ಬಣ್ಣ ಬಳಿದ ಕೋಣೆಯಲ್ಲಿ ಕೆಲವು ದಿನ ಮಕ್ಕಳನ್ನು ಮಲಗಿಸದಿರುವುದು, ಕಿಟಕಿ ತೆರೆದಿಡುವುದು, ಪರೀಕ್ಷಾ ಕೊಠಡಿಗೆ ಗಾಢ ಸೆಂಟು ಹಾಕಿಕೊಂಡು ಹೋಗದಿರುವುದು ಇವು ಎಲ್ಲರಿಗೂ ಸಾಧ್ಯ. ಪರಿಮಳ ಹಾಕಿಕೊಂಡವನ ಮೂಗು ಸ್ವಲ್ಪ ಹೊತ್ತಿನಲ್ಲೇ ಅದಕ್ಕೆ ಒಗ್ಗಿಹೋಗುತ್ತದೆ. ಆಮೇಲೆ ಅದನ್ನು ಅನುಭವಿಸುವವರು ಪಕ್ಕದವರೇ.

2021ರಲ್ಲಿ ಜಪಾನಿನ ಗ್ರಾಹಕ ವ್ಯವಹಾರಗಳ ಇಲಾಖೆ ಶಿಕ್ಷಣ, ಆರೋಗ್ಯ ಮೊದಲಾದ ಇತರ ಇಲಾಖೆಗಳೊಂದಿಗೆ ಸೇರಿ ಒಂದು ಭಿತ್ತಿಪತ್ರ ಹೊರಡಿಸಿತು. ಆ ಪರಿಮಳದಿಂದ ತೊಂದರೆ ಪಡುವವರು 'ಇರಬಹುದೇನೋ?' ಎಂದು ಅದರಲ್ಲಿ ಕೇಳಲಾಗಿತ್ತು. 2023ರಲ್ಲಿ ಅದನ್ನು ತಿದ್ದಿ, ತೊಂದರೆ ಪಡುವವರೂ 'ಇದ್ದಾರೆ' ಎಂದು ಬರೆಯಲಾಯಿತು. ಕಾರಣದ ಬಗ್ಗೆ ವಿಜ್ಞಾನ ಇಂದಿಗೂ 'ಇರಬಹುದು' ಎಂಬಲ್ಲೇ ಇದೆ. ಮನುಷ್ಯರ ಬಗ್ಗೆ ಮಾತ್ರ ಆ ಭಿತ್ತಿಪತ್ರ ಎರಡು ವರ್ಷಗಳಲ್ಲಿ 'ಇದ್ದಾರೆ' ಎಂಬಲ್ಲಿಗೆ ಬಂದು ತಲುಪಿತು.